ಅಂಜಲ್ ಬುಟ್ಟಿಯ ಅರಣ್ಯಾಧಿಕಾರಿ

ಕುದುರೆಮುಖದ ಕಾಡನ್ನು ಸರಕಾರ ರಾಷ್ಟ್ರೀಯ ಉದ್ಯಾನ ಎಂದು ಸಾರಿದೆಯಂತೆ. ಇನ್ನು ಮುಂದೆ ಅಲ್ಲಿ ಯಾರೂ ಬಂದೂಕು ಹಿಡಿದು ಹೋಗುವಂತಿಲ್ಲ, ಹುಲ್ಲಿಗೆ ಬೆಂಕಿ ಹಾಕುವಂತಿಲ್ಲ ಎಂದು ಪೇಪರಿನಲ್ಲಿ ಓದಿ ನನಗೆ ನಗು ತಡೆಯಲಾಗಲಿಲ್ಲ. ಈ ಕೆಲಸಕ್ಕೆ ನನ್ನ ದೊಡ್ಡಮ್ಮ ಬ್ರಿಟಿಷರ ಕಾಲದಲ್ಲೇ ಕೈ ಹಾಕಿದ್ದಳು! ಅವಳಿಗೆ ಖಾಕಿ ಬಟ್ಟೆ ಇರಲಿಲ್ಲ, ಜೀಪು ಇರಲಿಲ್ಲ, ಕಾಡು ಎಲ್ಲಿಂದ ಶುರುವಾಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಇದ್ದದ್ದು ತಲೆಯ ಮೇಲೊಂದು ಮೀನಿನ ಬುಟ್ಟಿ, ಆ ಬುಟ್ಟಿಯ ಕೆಳಗೊಂದು ಬಾಯಿ.

ದೊಡ್ಡಮ್ಮನ ಮನೆ ಬೆಂಗ್ರೆಯಲ್ಲಿ, ನಮ್ಮ ಮನೆಯ ಪಕ್ಕದಲ್ಲೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಪಟ್ಟಿ ಮರಳು. ದೊಡ್ಡಪ್ಪ ಹಾಯಿದೋಣಿಯ ಚುಕ್ಕಾಣಿ ಹಿಡಿಯುವವರು. ಅವರು ತಂದ ಮೀನನ್ನು ದೊಡ್ಡಮ್ಮ ಹೊಳೆ ದಾಟಿಸಿ ಬಂದರಿಗೆ ತಂದು, ಅಲ್ಲಿಂದ ಊರಿನ ಬಂಗಲೆಗಳಿಗೆ ಹೊತ್ತು ಮಾರುವಳು. ನಾನು ಆಗ ಬಂದರಿನ ಒಂದು ಗೋದಾಮಿನಲ್ಲಿ ಗುಮಾಸ್ತ. ನಾಲ್ಕಕ್ಷರ ಕಲಿತವನೆಂದು ನನ್ನನ್ನು ಯಾರೂ ಸಮುದ್ರಕ್ಕೆ ಕರೆದೊಯ್ದಿರಲಿಲ್ಲ. ದಿನಾ ಬೆಳಿಗ್ಗೆ ಅವಳ ಜೊತೆ ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಕೂತು, ಬುಟ್ಟಿಯ ನೀರು ತಾಗದಂತೆ ಧೋತರ ಎತ್ತಿ ಹಿಡಿಯುವುದಷ್ಟೇ ನನ್ನ ಜಲಯಾನ.

ದೊಡ್ಡಮ್ಮನ ಮೊದಲನೆಯ ಹುಚ್ಚು ಅವಳು ನಿಲ್ಲುವ ದಿಕ್ಕು. ದೋಣಿಗಳು ಮರಳುವ ಹೊತ್ತಿಗೆ ಬೆಂಗ್ರೆಯ ಹೆಂಗಸರೆಲ್ಲ ಅಳಿವೆಯ ತುದಿಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯಲ್ಲಿ, ಸಾಲಾಗಿ ನಿಂತು ಪಡುವಣಕ್ಕೆ ಕಣ್ಣು ನೆಡುತ್ತಿದ್ದರು. ಇವಳೊಬ್ಬಳು ಸಮುದ್ರಕ್ಕೆ ಬೆನ್ನು ಹಾಕಿ ಮೂಡಣಕ್ಕೆ ನೋಡುತ್ತಾ ನಿಲ್ಲುವಳು! ಅಲ್ಲಿರುವುದು ಘಟ್ಟ, ಘಟ್ಟದ ನೆತ್ತಿಯಲ್ಲಿ ಕುದುರೆಯ ಮೋರೆಯಂತಿರುವ ಆ ಗುಡ್ಡ. ಗಂಡ ಸಮುದ್ರದಲ್ಲಿರುವಾಗ ಹೆಂಡತಿ ಗುಡ್ಡ ನೋಡುವುದುಂಟೇ? ಗಂಡನ ಮೋರೆ ನೋಡಿ ಬೇಜಾರಾಗಿ ಕುದುರೆಯ ಮೋರೆ ನೋಡುತ್ತಾಳೆ ಎಂದು ಹೆಂಗಸರು ನಗುತ್ತಿದ್ದರು. ದೊಡ್ಡಪ್ಪನನ್ನು ಹತ್ತಿರದಿಂದ ಬಲ್ಲ ನನಗೆ ಅದರಲ್ಲಿ ಅಂಥ ತಪ್ಪೇನೂ ಕಾಣುತ್ತಿರಲಿಲ್ಲ.

ಹಾಗೆಂದು ಕಾಡುಪ್ರಾಣಿಗಳ ಬಗ್ಗೆ ಅವಳಿಗೆ ಏನಾದರೂ ಗೊತ್ತಿತ್ತೇ? ಹುಲಿ ಎಂದರೆ ಅವಳ ಪಾಲಿಗೆ ಮಾರ್ನೆಮಿಯ, ಅಂದರೆ ನವರಾತ್ರಿಯ, ಹುಲಿವೇಷ. ಮೈಗೆಲ್ಲ ಹಳದಿ ಬಳಿದುಕೊಂಡು, ತಾಸೆ ಡೋಲಿನ ಬಡಿತಕ್ಕೆ ಕುಣಿದು, ಕೊನೆಗೆ ಅಂಗಳದಲ್ಲಿ ಕೂತು ಬೀಡಿ ಸೇದುವ ಹುಲಿ. ಕಾಡಿನ ಹುಲಿಗೂ ಇಷ್ಟು ದೊಡ್ಡ ಹೊಟ್ಟೆ ಇರುತ್ತದೆಯೇ ಎಂದು ಒಮ್ಮೆ ನನ್ನನ್ನು ಗಂಭೀರವಾಗಿ ಕೇಳಿದ್ದಳು. ಕಡವೆ ಎಂದರೆ ಎತ್ತರದ ಆಡು, ಕಾಟಿ ಎಂದರೆ ಸಿಟ್ಟು ಬಂದ ಕೋಣ. ಪ್ರಾಣಿಶಾಸ್ತ್ರ ಅಲ್ಲಿಗೆ ಮುಗಿಯಿತು.

ಅವಳ ದೊಡ್ಡ ಗಿರಾಕಿ ಕದ್ರಿ ಕಡೆಯ ಒಬ್ಬ ವಕೀಲರು. ಕೋರ್ಟಿನಲ್ಲಿ ಗೆದ್ದದ್ದಕ್ಕಿಂತ ಕಾಡಿನಲ್ಲಿ ಹೊಡೆದದ್ದೇ ಹೆಚ್ಚು. ಅವರ ಚಾವಡಿಯ ಗೋಡೆಯಲ್ಲಿ ಕಾಟಿಯ ತಲೆ, ಕಡವೆಯ ಕೋಡು. ನೆಲದಲ್ಲಿ ಬಾಯಿ ತೆರೆದು ಮಲಗಿದ ಹುಲಿಯ ಚರ್ಮ. ಆ ಬಾಯಿಗೆ ಕಾಲು ಸಿಕ್ಕಿಸಿಕೊಂಡು ಬಿದ್ದ ಕಕ್ಷಿದಾರರಲ್ಲಿ ನಾನೂ ಒಬ್ಬ. ಕಕ್ಷಿದಾರ ಎನ್ನುವಷ್ಟೇನಲ್ಲ, ಗೋದಾಮಿನ ಕಾಗದಪತ್ರ ಒಪ್ಪಿಸಲು ಹೋದವನು. ಅಂಜಲ್ ಮೀನೆಂದರೆ ವಕೀಲರಿಗೆ ಪ್ರಾಣ. ಹುರಿದ ಅಂಜಲ್ ಇಲ್ಲದ ದಿನ ಅವರು ವಾಯಿದೆ ಕೇಳುತ್ತಾರೆಂದು ಕೋರ್ಟಿನಲ್ಲೆಲ್ಲ ಹೆಸರಾಗಿತ್ತು.

ಒಂದು ಬೆಳಿಗ್ಗೆ ನಾನು ಕಾಗದ ಹಿಡಿದು ಅಲ್ಲಿ ನಿಂತಿದ್ದೆ. ದೊಡ್ಡಮ್ಮ ಹಿತ್ತಿಲ ಬಾಗಿಲಲ್ಲಿ ಅಡುಗೆಯವನಿಗೆ ಮೀನು ಕೊಡುತ್ತಿದ್ದಳು. ವಕೀಲರು ಯಾರೋ ಗೆಳೆಯರ ಮುಂದೆ ಜಂಬ ಕೊಚ್ಚುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಒಬ್ಬ ಬಿಳಿಯ ದೊರೆಯನ್ನು ಕುದುರೆಮುಖಕ್ಕೆ ಬೇಟೆಗೆ ಕರೆದುಕೊಂಡು ಹೋಗುತ್ತಾರಂತೆ. ಮೊದಲು ಆಳುಗಳಿಂದ ಗುಡ್ಡದ ಒಣಹುಲ್ಲಿಗೆ ಬೆಂಕಿ ಕೊಡಿಸುವುದು. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಕಡವೆಗಳು ಮೇಯಲು ತಾವಾಗಿಯೇ ಬರುತ್ತವೆ, ಕೂತಲ್ಲಿಂದಲೇ ಹೊಡೆಯಬಹುದು. ಮೂರು ವರ್ಷದ ಹಿಂದೆ ತಾನು ಹಾಕಿಸಿದ ಬೆಂಕಿ ಎರಡು ದಿನ ಎರಡು ರಾತ್ರಿ ಉರಿದು, ಇಡೀ ಘಟ್ಟವೇ ಹೊಗೆಯೊಳಗೆ ಅಡಗಿತ್ತು ಎಂದು ಅವರು ಹೆಮ್ಮೆಯಿಂದ ಮೀಸೆ ನೀವಿದರು.

ಹಿತ್ತಿಲಲ್ಲಿ ಏನೋ ಸದ್ದಾಯಿತು. ದೊಡ್ಡಮ್ಮ ಅಡುಗೆಯವನ ಕತ್ತಿಯ ಕೆಳಗಿನಿಂದ ಅಂಜಲನ್ನು ಎಳೆದು ಮತ್ತೆ ಬುಟ್ಟಿಗೆ ಹಾಕಿಕೊಂಡಿದ್ದಳು.

“ಇವತ್ತು ಅಂಜಲ್ ಇಲ್ಲ,” ಎಂದಳು.

“ಬುಟ್ಟಿಯಲ್ಲಿ ಉಂಟಲ್ಲ ಮಾರಾಯ್ತಿ?” ಎಂದ ಅಡುಗೆಯವ.

“ಉಂಟು. ಈ ಮನೆಗೆ ಇಲ್ಲ.”

ಮರುದಿನ ಕಡವಿನ ದೋಣಿಯಲ್ಲಿ ಅವಳ ಸಭೆ ಸೇರಿತು. ಗುಡ್ಡಕ್ಕೆ ಬೆಂಕಿ ಹಾಕುವುದಿಲ್ಲ ಎಂದು ವಕೀಲರು ಮಾತು ಕೊಡುವ ತನಕ ಆ ಮನೆಗೆ ಯಾರೂ ಮೀನು ಮಾರಬಾರದು ಎಂದು ಠರಾವು. ಅಂಜಲ್ ಇಲ್ಲ, ಮಾಂಜಿ ಇಲ್ಲ, ಎಟ್ಟಿ ಇಲ್ಲ. ಬಡವರ ಬೂತಾಯಿಯೂ ಇಲ್ಲ. ಇದಕ್ಕೂ ಗುಡ್ಡಕ್ಕೂ ಎಂತ ಸಂಬಂಧ ಎಂದು ಒಬ್ಬಳು ಕೇಳಿದಳು. ದೊಡ್ಡಮ್ಮ ಅವಳ ಕಡೆ ಒಮ್ಮೆ ನೋಡಿದಳು. ಆ ನೋಟಕ್ಕೆ ಠರಾವು ಸರ್ವಾನುಮತದಿಂದ ಪಾಸಾಯಿತು. ಪಾಪದ ಪ್ರಾಣಿಗಳ ಮೇಲೆ ಇವಳಿಗೆ ಇಷ್ಟು ಮರುಕವೇ ಎಂದು ನಾನು ಬೆರಗಾದೆ. ದಿನಕ್ಕೆ ನೂರು ಮೀನಿನ ಕುತ್ತಿಗೆ ಕೊಯ್ಯುವವಳಿಗೆ!

ವಕೀಲರ ಮನೆಯಲ್ಲಿ ಹಾಹಾಕಾರ. ಎರಡು ವಾರ ಊಟಕ್ಕೆ ಬರೀ ಸೌತೆಕಾಯಿಯ ಸಾರು, ಕೊದ್ದೆಲು. ಅಡುಗೆಯವ ತಲೆಗೆ ಮುಂಡಾಸು ಸುತ್ತಿ, ಮುಖಕ್ಕೆ ಶಾಲು ಮುಚ್ಚಿ, ಗುರುತು ಸಿಗದಂತೆ ಬಂದರಿನ ಮಾರ್ಕೆಟಿಗೆ ಬಂದ. ಆದರೆ ಮೀನಿನ ಕಿವಿರು ಎತ್ತಿ ಮೂಸಿ, “ನಿನ್ನೆಯದ್ದಾ?” ಎಂದು ಕೇಳುವ ಅವನ ಚಾಳಿಯನ್ನು ಮುಂಡಾಸು ಮುಚ್ಚಲಿಲ್ಲ. ಹೆಂಗಸರು ಹಿಡಿದರು. ಅವನು ವಾಪಸು ಹೋಗುವಾಗ ಕೈಯಲ್ಲಿದ್ದದ್ದು ಇನ್ನೊಂದು ಸೌತೆಕಾಯಿ.

ಕೊನೆಗೆ ವಕೀಲರೇ ದೋಣಿ ಕಟ್ಟುವ ದಕ್ಕೆಗೆ ಇಳಿದು ಬಂದರು. ಕರಿ ಕೋಟು, ಕೈಯಲ್ಲಿ ಬೆಳ್ಳಿ ಹಿಡಿಯ ಬೆತ್ತ, ಮೀನಿನ ರಾಶಿಗಳ ನಡುವೆ ಜಾರುತ್ತ ಜಾರುತ್ತ ಅವರು ಬರುವುದನ್ನು ನೋಡಲು ಗೋದಾಮಿನವರೆಲ್ಲ ಹೊರಗೆ ಬಂದಿದ್ದೆವು. ಅವರು ನೇರವಾಗಿ ಪಾಟೀಸವಾಲು ಶುರು ಮಾಡಿದರು.

“ನನ್ನ ಹತ್ತಿರ ಸರಕಾರದ ಲೈಸೆನ್ಸ್ ಉಂಟು. ನಾನು ಗುಡ್ಡದಲ್ಲಿ ಎಂತ ಬೇಕಾದ್ರೂ ಮಾಡ್ತೇನೆ. ನಿನಗೆ ಎಂತ ತೊಂದರೆ?”

“ಸಮುದ್ರಕ್ಕೆ ಹೋಗ್ಲಿಕ್ಕೆ ನಮಗೆ ಯಾರ ಲೈಸೆನ್ಸೂ ಬೇಡ ವಕೀಲ್ರೇ. ಆದ್ರೂ ಮಳೆಗಾಲ ನಾವು ಕಡಲಿಗೆ ಇಳಿಯುದಿಲ್ಲ. ಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಇರ್ತದೆ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲು ಹೊಯ್ದು, ತೆಂಗಿನಕಾಯಿ ಬಿಟ್ಟ ಮೇಲೆಯೇ ದೋಣಿ ಇಳಿಸುದು. ಅಲ್ಲಿವರೆಗೆ ಗಂಜಿ, ಉಪ್ಪಿನಕಾಯಿ. ನಿಮ್ಮ ಗುಡ್ಡಕ್ಕೆ ಬಾಗಿಲು ಹಾಕುವ ತಿಂಗಳು ಯಾವುದು?”

“ಗುಡ್ಡಕ್ಕೆ ಎಂತ ಬಾಗಿಲು?”

“ಇಲ್ಲದಿದ್ರೆ ನಾನು ಹಾಕಿದೆ.”

ವಕೀಲರ ಕಣ್ಣು ಬುಟ್ಟಿಯ ಕಡೆ ಹೋಯಿತು. ಬುಟ್ಟಿಯಲ್ಲಿ ಒಂದು ಮೊಳ ಉದ್ದದ ಅಂಜಲ್ ಮಲಗಿ ಅವರನ್ನು ನೋಡುತ್ತಿತ್ತು. ದೊರೆಗೆ ಮಾತು ಕೊಟ್ಟಾಗಿದೆ, ಬೇಟೆ ಬಿಡಲಾಗುವುದಿಲ್ಲ ಎಂದು ಅವರು ರಾಗ ಎಳೆದಾಗ ದೊಡ್ಡಮ್ಮ ನನ್ನನ್ನು ಇನ್ನೂ ಬೆರಗುಗೊಳಿಸಿದಳು. ಕೋವಿ ಬೇಕಾದರೆ ಕೊಂಡುಹೋಗಿ, ಬೆಂಕಿ ಮಾತ್ರ ಬೇಡ ಎಂದಳು. ಇದೆಂಥ ಪ್ರಾಣಿದಯೆ?

ಒಪ್ಪಂದವಾಯಿತು. ಬರಿಮಾತಿನ ಒಪ್ಪಂದ ಅವಳಿಗೆ ಸಾಲದು. ಊರಿನ ಸಾಕ್ಷಿಗಳಿಂದೆಲ್ಲ ಪ್ರಮಾಣ ಮಾಡಿಸುವ ವಕೀಲರು ಅಂದು ಬಂದರಿನ ನೂರು ಜನರ ಮುಂದೆ, ಅಂಜಲಿನ ತಲೆ ಮುಟ್ಟಿ, ಗುಡ್ಡಕ್ಕೆ ಬೆಂಕಿ ಹಾಕುವುದಿಲ್ಲ ಎಂದು ಪ್ರಮಾಣ ಮಾಡಿದರು. ಆಮೇಲೆ ಅದೇ ಸಾಕ್ಷಿಯನ್ನು ಮನೆಗೆ ಒಯ್ದು ಹುರಿದು ತಿಂದರು.

ಬೇಟೆ ಏನಾಯಿತು ಎನ್ನುತ್ತೀರಾ? ಸುಡದ ಹುಲ್ಲು ಆಳೆತ್ತರ. ಅದರೊಳಗೆ ವಕೀಲರು ದೊರೆಯನ್ನು ಹುಡುಕುವುದು, ದೊರೆ ವಕೀಲರನ್ನು ಹುಡುಕುವುದು, ಇದರಲ್ಲೇ ನಾಲ್ಕು ದಿನ ಕಳೆಯಿತಂತೆ. ಕಡವೆಯ ಬಾಲವೂ ಕಾಣಲಿಲ್ಲ. ಹುಲ್ಲಿನಿಂದ ಅವರು ತಂದದ್ದು ಮೈತುಂಬ ಉಣ್ಣಿ ಮಾತ್ರ. ದೊಡ್ಡಮ್ಮನಿಗೆ ಇದನ್ನು ಹೇಳಿದರೆ ಅವಳಿಗೆ ನಗುವೂ ಬರಲಿಲ್ಲ, ಕಡವೆ ಉಳಿಯಿತೇ ಎಂದು ಕೇಳಲೂ ಇಲ್ಲ. “ಹೊಗೆ ಬರಲಿಲ್ಲ ಅಲ್ವಾ?” ಎಂದಳು, ಅಷ್ಟೇ.

ಅದೇ ಬೇಸಿಗೆಯ ಒಂದು ಭಾನುವಾರ ದೊಡ್ಡಪ್ಪನ ದೋಣಿಯವನೊಬ್ಬ ಜ್ವರ ಬಂದು ಮಲಗಿದ. ಹಾಯಿಯ ಹಗ್ಗ ಹಿಡಿಯಲು ಒಂದು ಕೈ ಬೇಕಿತ್ತು. ಬೇರೆ ಗತಿಯಿಲ್ಲದೆ ನನ್ನನ್ನು ಹತ್ತಿಸಿಕೊಂಡರು. ಮೊದಲ ಅರ್ಧ ದಿನ ನಾನು ಹಗ್ಗ ಹಿಡಿದದ್ದಕ್ಕಿಂತ ಹೊಟ್ಟೆ ಹಿಡಿದದ್ದು ಹೆಚ್ಚು. ಬಲೆ ಎಳೆದು ಮುಗಿಯುವ ಹೊತ್ತಿಗೆ ತಲೆ ಎತ್ತಿ ನೋಡುತ್ತೇನೆ, ದಡವೇ ಇಲ್ಲ! ತೆಂಗಿನ ಮರಗಳಿಲ್ಲ, ಬಂದರು ಇಲ್ಲ, ನನ್ನ ಗೋದಾಮು ಇಲ್ಲ. ಸುತ್ತಲೂ ನೀರು. ನನಗೆ ನಿಜವಾಗಿಯೂ ಭಯವಾಯಿತು, ಅಮ್ಮನ ನೆನಪಾಯಿತು.

ದೊಡ್ಡಪ್ಪ ಚುಕ್ಕಾಣಿಯ ಮೇಲೆ ಕೈಯಿಟ್ಟು ಗದ್ದ ಎತ್ತಿ ತೋರಿಸಿದರು. ನೀರಿನ ಅಂಚಿನ ಮೇಲೆ, ಆಕಾಶದಲ್ಲಿ ನಿಂತಂತೆ, ನೀಲಿಯಾಗಿ ಕುದುರೆಯ ಮೋರೆ.

“ಅದರ ಮೂಗನ್ನು ಎದುರಿನ ಸಣ್ಣ ಗುಡ್ಡದ ನೆತ್ತಿಯ ನೇರಕ್ಕೆ ತಂದು ಹಿಡಿದ್ರೆ ಅಳಿವೆಗೆ ಸೀದಾ ದಾರಿ,” ಎಂದರು. “ಸ್ವಲ್ಪ ಆಚೆ ಈಚೆ ಆದ್ರೆ ಮರಳದಿಬ್ಬ, ದೋಣಿ ಎರಡು ತುಂಡು.”

ಅದು ಕಾಣದಿದ್ದರೆ ಎಂದು ಕೇಳಿದೆ.

“ಮೂರು ವರ್ಷದ ಹಿಂದೆ ಕಾಣಲಿಲ್ಲ. ಘಟ್ಟದಲ್ಲಿ ಹೊಗೆ. ಎರಡು ದಿನ ನೀರಿಲ್ಲದೆ ಹೊರಗೇ ಬಿದ್ದಿದ್ದೆವು. ಗಾಳಿ ಸರಿ ಇರಲಿಲ್ಲ ಅಂತ ಊರಿಗೆ ಹೇಳಿದೆ. ನಿನ್ನ ದೊಡ್ಡಮ್ಮನಿಗೆ ಮಾತ್ರ ಗೊತ್ತುಂಟು.”

ಆ ಎರಡು ದಿನ ನನಗೆ ಚೆನ್ನಾಗಿ ನೆನಪಿದೆ. ಬೆಂಗ್ರೆಯವರೆಲ್ಲ ದೋಣಿಯ ಆಸೆ ಬಿಟ್ಟಿದ್ದರು. ಮೂರನೆಯ ದಿನ ದೊಡ್ಡಮ್ಮ ಘಟ್ಟದ ಕಡೆ ಕೈ ತೋರಿಸಿ, ಗುಡ್ಡ ಕಂಡಿತು, ಗುಡ್ಡ ಕಂಡಿತು ಎಂದು ಹೇಳುತ್ತ ಮರಳಿನಲ್ಲಿ ಓಡಾಡಿದಾಗ ದುಃಖಕ್ಕೆ ತಲೆಕೆಟ್ಟಿತು ಎಂದುಕೊಂಡಿದ್ದೆವು. ಅಂದು ಸಂಜೆಯೇ ದೋಣಿ ಬಂದಿತ್ತು. ಆ ಎರಡನ್ನೂ ಜೋಡಿಸುವಷ್ಟು ಬುದ್ಧಿ ನಾಲ್ಕಕ್ಷರ ಕಲಿತ ನನಗೆ ಇರಲಿಲ್ಲ. ಮೂರು ವರ್ಷ ಅವಳನ್ನು ನೋಡಿ ನಕ್ಕಿದ್ದೆ. ನನಗೆ ನಾಚಿಕೆಯಾಯಿತು.

ದೋಣಿ ಅಳಿವೆಯೊಳಗೆ ಬಂತು. ತುದಿಯಲ್ಲಿ ಹೆಂಗಸರ ಸಾಲು, ಎಲ್ಲರ ಮುಖ ನಮ್ಮ ಕಡೆ. ನಡುವೆ ಒಂದು ಬೆನ್ನು. ನಾನು ನೀರಿಗೆ ಹಾರಿ ಅವಳ ಹತ್ತಿರ ಹೋಗಿ, ಬಂದೆವು ದೊಡ್ಡಮ್ಮ, ಈಗಲಾದರೂ ತಿರುಗು ಎಂದೆ.

“ಗುಡ್ಡ ಕಾಣ್ತಾ ಉಂಟು,” ಎಂದಳು, ತಿರುಗದೆ. “ಮತ್ತೆ ನೀವು ಬಾರದೆ ಎಲ್ಲಿಗೆ ಹೋಗ್ತೀರಿ?”

ಆದರೆ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. ನಾನೂ ಸಮುದ್ರಕ್ಕೆ ಬೆನ್ನು ಹಾಕಿ ಅವಳ ಪಕ್ಕದಲ್ಲಿ ನಿಂತು ಗುಡ್ಡವನ್ನು ನೋಡತೊಡಗಿದೆ. ಇನ್ನೂ ಎರಡು ದೋಣಿ ಬರಲಿಕ್ಕಿತ್ತು.