ಎರಡನೇ ಅರ್ಲಿ ಡಿಸಿಷನ್ನೂ ದ್ವಾರಕನಾಥನ ಬಾಯಿಯೂ

ಏಳನೇ ಮಹಡಿಯಿಂದ ನೆಲಕ್ಕಿಳಿಯಲು ಆ ಲಿಫ್ಟು ತೆಗೆದುಕೊಳ್ಳುವುದು ಮುಕ್ಕಾಲು ನಿಮಿಷ. ದುಬೈಯ ಊದ್ ಮೇಥಾದ ಆ ಹಳೆಯ ಕಟ್ಟಡದಲ್ಲಿ ಹದಿನಾಲ್ಕು ವರ್ಷ ಮರ್ಯಾದೆಯಿಂದ ಬಾಳಿದ್ದ ದ್ವಾರಕನಾಥನಿಗೆ ತನ್ನ ನೆಮ್ಮದಿ ಹಾಳುಮಾಡಿಕೊಳ್ಳಲು ಅಷ್ಟು ಹೊತ್ತು ಧಾರಾಳವಾಗಿ ಸಾಕಾಯಿತು.

ಐದನೇ ಮಹಡಿಯಲ್ಲಿ ಕ್ಯಾರೊಲಿನ್ ಹತ್ತಿದಳು. ಆಸ್ಪತ್ರೆಯಲ್ಲಿ ನರ್ಸು, ಜ್ವರ ಅಳೆಯುವಷ್ಟೇ ಸಲೀಸಾಗಿ ಮನುಷ್ಯರ ಮುಖ ಅಳೆಯುವವಳು. ಅವಳ ಮಗ ಜೋಸ್ವಿನ್ ಮತ್ತು ದ್ವಾರಕನಾಥನ ಮಗಳು ಮಾನ್ಯ ಒಂದೇ ಶಾಲೆಯಲ್ಲಿ ಹನ್ನೆರಡನೇ ಕ್ಲಾಸು.

"ಮಾನ್ಯಂದು ಎಂತಾಯ್ತು ಮಾರಾಯ್ರೇ? ಅಮೇರಿಕಾದಿಂದ ಉತ್ತರ ಬಂತಾ? ನಮ್ಮ ಜೋಸ್ವಿನಿಗೆ ಬೇಡ ಅಂತ ಹೇಳಿದ್ರು. ಮೂರು ದಿನ ಅತ್ತ. ಈಗ ಪುನಃ ಬಿರಿಯಾನಿ ತಿನ್ಲಿಕ್ಕೆ ಶುರು ಮಾಡಿದ್ದಾನೆ."

ಮಾನ್ಯಳಿಗೂ ಉತ್ತರ ಬಂದು ತಿಂಗಳಾಗಿತ್ತು. 'ನಿಮ್ಮ ಪ್ರತಿಭೆಗೆ ಬೆರಗಾಗಿದ್ದೇವೆ' ಎಂದು ಶುರುವಾಗಿ, ನಾಲ್ಕು ಸಾಲು ಬೆಣ್ಣೆ ಹಚ್ಚಿ, ಐದನೆಯ ಸಾಲಿನಲ್ಲಿ ಕತ್ತು ಕೊಯ್ದಿದ್ದರು. "ನಮ್ದೂ ಆಗ್ಲಿಲ್ಲ ಸಿಸ್ಟರ್" ಎಂದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಮಗಳ ಸೋಲನ್ನು ಒಪ್ಪಿಕೊಳ್ಳುವುದಕ್ಕಿಂತ ಲಿಫ್ಟಿನ ಹಗ್ಗ ಹರಿದುಬೀಳುವುದೇ ಮೇಲು ಎನ್ನುವ ಜಾತಿಯ ಅಪ್ಪ ಅವನು.

"ನಾವೇ ಬೇಡ ಅಂದ್ವಿ," ಅಂದುಬಿಟ್ಟ.

ಕ್ಯಾರೊಲಿನ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ಲಾ, ಅರ್ಲಿ ಡಿಸಿಷನಲ್ಲಿ ನಾವು ಬೇಡ ಅನ್ಲಿಕ್ಕೆ ಉಂಟಾ?"

ಆ ಪ್ರಶ್ನೆ ನ್ಯಾಯವಾದದ್ದೇ. ಅರ್ಲಿ ಡಿಸಿಷನ್ ಎಂಬ ಈ ಅಮೇರಿಕನ್ ಪದ್ಧತಿ ನಮ್ಮ ಹೆಣ್ಣು ನೋಡುವ ಶಾಸ್ತ್ರದ ಖಾಸಾ ತಂಗಿ. ಹುಡುಗಿ ಒಂದೇ ಒಂದು ಕಾಲೇಜಿಗೆ, 'ನೀನೇ ನನ್ನ ಪತಿದೇವರು, ನೀನು ಒಪ್ಪಿದರೆ ಇನ್ನೊಬ್ಬರ ಮುಖ ನೋಡೆನು' ಎಂದು ಬರೆದುಕೊಡಬೇಕು. ಕೆಳಗೆ ಅಪ್ಪನೋ ಅಮ್ಮನೋ ಸಹಿ ಹಾಕಬೇಕು, ಶಾಲೆಯ ಕೌನ್ಸೆಲರು ಸಹಿ ಹಾಕಬೇಕು. ಕಾಲೇಜು ಮಾತ್ರ ಯಾರಿಗೂ ಏನೂ ಬರೆದುಕೊಡುವುದಿಲ್ಲ. ಉಪ್ಪಿಟ್ಟು ತಿಂದು, ಹಾಡು ಹೇಳಿಸಿ, 'ಊರಿಗೆ ಹೋಗಿ ತಿಳಿಸ್ತೀವಿ' ಎನ್ನುವ ಗಂಡಿನ ಕಡೆಯವರ ದರ್ಬಾರು ಅದರದ್ದು. ವರದಕ್ಷಿಣೆಗಾದರೂ ಒಂದು ಕಾನೂನಿದೆ. ಈ ದರ್ಬಾರಿಗೆ ಅದೂ ಇಲ್ಲ. ಮೊದಲ ಗಂಡು ಒಲ್ಲೆ ಎಂದರೆ ಕಣ್ಣೊರೆಸಿಕೊಂಡು ಜನವರಿಯಲ್ಲಿ ಎರಡನೇ ಸುತ್ತು. ಇನ್ನೊಬ್ಬ ಪತಿದೇವರಿಗೆ ಅದೇ ಪತಿವ್ರತೆಯ ಪತ್ರ.

ಮಾನ್ಯಳ ಎರಡನೇ ಗಂಡಿನ ಹೆಸರು ವಿಲ್ಡನ್‌ಬ್ರೂಕ್ ಕಾಲೇಜು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಗಡುವು. ಪ್ರಬಂಧ, ಅಂಕಪಟ್ಟಿ ಎಲ್ಲ ತಯಾರಿದ್ದು ಅಪ್ಪನ ಸಹಿಯೊಂದು ಬಾಕಿ. ಅದನ್ನೂ ಹಿಂದಿನ ರಾತ್ರಿಯೇ ಹಾಕಬಹುದಿತ್ತು. ಆದರೆ ಅವನ ಹೆಂಡತಿ ಕಾಂತಮ್ಮ, ದುಬೈ ಸೂರ್ಯನ ಲೆಕ್ಕದಲ್ಲಿ ರಾಹುಕಾಲ, ಯಮಗಂಡ, ಶುಭ ಹೋರೆ ಎಲ್ಲ ಗುಣಿಸಿ, "ನಾಳೆ ಸಂಜೆ ಐದು ಹತ್ತು. ಅದಕ್ಕೆ ಮುಂಚೆ ಫೋನು ಮುಟ್ಟಿದ್ರೆ ನೋಡಿ," ಎಂದು ಕಟ್ಟಪ್ಪಣೆ ಮಾಡಿದ್ದಳು.

"ಉಂಟು, ಗೊತ್ತಿದ್ದೋರಿಗೆ ಉಂಟು," ಎಂದ ದ್ವಾರಕನಾಥ, ಮೂರನೇ ಮಹಡಿ ದಾಟುತ್ತಾ. "ವಿಲ್ಡನ್‌ಬ್ರೂಕ್ ಅಂತ ಒಂದಿದೆ ಸಿಸ್ಟರ್. ರ‍್ಯಾಂಕಿಂಗ್ ನೋಡೋ ಮಂದಿಗೆ ಅದು ಕಣ್ಣಿಗೇ ಬೀಳಲ್ಲ. ಒಬ್ಬ ಪ್ರೊಫೆಸರಿಗೆ ಮೂರೇ ಮಕ್ಕಳು. ಹೆಸರು ಹಿಡಿದು ಕರೀತಾರೆ. ಮಳೆ ಬಂದ್ರೆ ಅವರೇ ಛತ್ರಿ ಹಿಡ್ಕೊಂಡು ಹಾಸ್ಟೆಲಿಗೆ ಬಿಡ್ತಾರೆ. ಅದು ಸಿಗತ್ತೆ ಅಂದ್ಮೇಲೆ ಮೊದಲನೇದು ಯಾರಿಗೆ ಬೇಕು? ಯಾರಿಗೂ ಹೇಳ್ಬೇಡಿ ಮತ್ತೆ."

"ನಾನಾ? ನಾನು ಯಾರಿಗೆ ಹೇಳ್ಲಿ?" ಎಂದಳು ಕ್ಯಾರೊಲಿನ್. ಅವಳು ಇನ್ನೂರ ಹನ್ನೆರಡು ತಾಯಂದಿರಿರುವ ವಾಟ್ಸಾಪ್ ಗುಂಪಿನ ಅಡ್ಮಿನ್.

ಅಲ್ ಕೂಜ್‌ನ ಟೈರು ಗೋದಾಮಿನಲ್ಲಿ ದ್ವಾರಕನಾಥ ಎರಡನೇ ಕಂಟೇನರಿನ ಕಾಗದ ತಿರುವಿಹಾಕುತ್ತಿದ್ದಾಗ ಫೋನು ಬಂತು. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ಗುರುದತ್ತ: ಕಾಂತಮ್ಮನ ತಂಗಿಯ ಗಂಡ. ದ್ವಾರಕನಾಥ ಕಾರು ಕೊಂಡರೆ 'ಅದನ್ನ ನಾನು ಹೋದ ವರ್ಷವೇ ನೋಡಿ ಬಿಟ್ಟಿದ್ದೆ' ಎನ್ನುವ ಷಡ್ಡಕ.

"ಏನ್ ಭಾವ, ವಿಲ್ಡನ್‌ಬ್ರೂಕ್ ಅಂತೆ? ಛತ್ರಿ ಹಿಡೀತಾರಂತೆ? ನಮಗೊಂದು ಮಾತು ಹೇಳ್ಬಾರ್ದೇ?"

"ನಿಂಗೆ ಯಾರಪ್ಪಾ ಹೇಳಿದ್ದು?"

"ನಮ್ಮೋಳ ಗುಂಪಲ್ಲಿ ಬೆಳಿಗ್ಗೆಯಿಂದ ಅದೇ. ನಮ್ಮ ಧನುಷ್‌ನ ಇಲ್ಲೇ ಅಬುಧಾಬಿಯ ಅಮೇರಿಕನ್ ಕಾಲೇಜಿಗೇ ಅರ್ಲಿ ಡಿಸಿಷನ್ ಹಾಕ್ಸೋಣ ಅಂತಿದ್ವಿ. ಮನೆಯಿಂದ ಅರ್ಧ ಗಂಟೆ ದಾರಿ ನೋಡಿ."

ಇಲ್ಲಿ ಬಾಯಿ ಮುಚ್ಚಿದ್ದರೆ ಆಗಲೂ ಬಚಾವಾಗಬಹುದಿತ್ತು. ಆದರೆ ಷಡ್ಡಕನೆದುರು ಬಾಯಿ ಮುಚ್ಚಿದ ಗಂಡಸು ಇನ್ನೂ ಹುಟ್ಟಿಲ್ಲ. "ಅರ್ಧ ಗಂಟೆ ದಾರಿಗೆ ಕಾಲೇಜು ಅಂತಾರೇನಯ್ಯ? ಟ್ಯೂಷನ್ ಅಂತಾರೆ," ಎಂದು ನಕ್ಕ. ಮೊನ್ನೆ ಮಾನ್ಯಳೂ ಅದೇ ಅಬುಧಾಬಿ ಕಾಲೇಜಿಗೆ ಹಾಕೋಣವೇ ಎಂದು ಮೆಲ್ಲಗೆ ಕೇಳಿದ್ದಾಗಲೂ ಇದೇ ಮಾತು ಹೇಳಿ ಅವಳ ಬಾಯಿ ಮುಚ್ಚಿಸಿದ್ದ.

ಎರಡು ಗಂಟೆಗೆ ಶಾಲೆಯ ಕೌನ್ಸೆಲರ್ ಜೆಸ್ಸಿ ಫೋನು ಮಾಡಿ, "ಸಾರ್, ಒಮ್ಮೆ ಬರ್ಲಿಕ್ಕೆ ಆಗ್ತದಾ? ಈಗಲೇ," ಎಂದಳು.

ಹೋದರೆ, ಅವಳ ಮೇಜಿನ ಮೇಲೆ ಏಳು ಹೆಸರಿನ ಪಟ್ಟಿ. ಮೊದಲನೆಯದೇ ಜೋಸ್ವಿನ್.

"ನೋಡಿ ಸಾರ್. ನಿನ್ನೆವರೆಗೆ ವಿಲ್ಡನ್‌ಬ್ರೂಕ್ ಅಂದ್ರೆ ಶಾಂಪೂ ಹೆಸರಾ ಅಂತ ಕೇಳ್ತಿದ್ರು. ಇವತ್ತು ಬೆಳಿಗ್ಗೆಯಿಂದ ಏಳು ಮಕ್ಕಳು ಅಲ್ಲಿಗೇ ಅಂತೆ. ಯಾರೋ ಒಬ್ಬ ಅಪ್ಪ ಬೀದಿಯಲ್ಲಿ ಡಂಗುರ ಹೊಡೆದಿದ್ದಾನೆ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಅವರು ನಮ್ಮ ಶಾಲೆಯಿಂದ ವರ್ಷಕ್ಕೆ ಒಬ್ಬರಿಗಿಂತ ಹೆಚ್ಚು ಮಕ್ಕಳನ್ನು ತಗೊಂಡದ್ದೇ ಇಲ್ಲ. ಮಾನ್ಯಳದ್ದು ಗೋವಿಂದ ಆಗ್ತದೆ ಸಾರ್."

ದ್ವಾರಕನಾಥನ ಎದೆ, ಹೊರಗೆ ಬಿಸಿಲಿಗೆ ಬಿಟ್ಟ ಟೈರಿನಂತೆ ಕಾದು ಬಿರಿಯಿತು. ಮಗಳಿಗೆ ಉಳಿದಿದ್ದುದು ಇದೊಂದೇ ಸುತ್ತು. ಅದಕ್ಕೂ ಏಳು ಜನ ಸವತಿಯರನ್ನು ತಾನೇ ಕೈಹಿಡಿದು ಕರೆತಂದಿದ್ದ! ಕಟ್ಟಿದ ಗೋಪುರವನ್ನು ಸಂಜೆ ಸಹಿಯ ಮುಹೂರ್ತದೊಳಗೆ ಕೆಡವಲೇಬೇಕು. ಶಾಲೆಯ ಗೇಟಿನಲ್ಲೇ ನಿಂತು ಕ್ಯಾರೊಲಿನ್‌ಗೆ ಫೋನು ಹಚ್ಚಿದ.

"ಸಿಸ್ಟರ್, ವಿಲ್ಡನ್‌ಬ್ರೂಕ್ ಬೇಡ. ತುಂಬಾ ಕೆಟ್ಟ ಕಾಲೇಜು."

"ಬೆಳಿಗ್ಗೆ ಛತ್ರಿ ಹಿಡೀತಾರೆ ಅಂದ್ರಿ?"

"ಛತ್ರಿ ಯಾಕೆ ಹಿಡೀತಾರೆ? ಸೂರು ಸೋರತ್ತೆ, ಅದಕ್ಕೆ! ಎಂಟು ತಿಂಗಳು ಹಿಮ. ಊಟಕ್ಕೆ ಬೇಯಿಸಿದ ಗೆಣಸು ಬಿಟ್ರೆ ಇನ್ನೇನಿಲ್ಲ."

"ಓಹೋ," ಎಂದು ಕ್ಯಾರೊಲಿನ್ ರಾಗ ಎಳೆದಳು. "ಸೀಟು ಮಾನ್ಯಂಗೆ ಮಾತ್ರ ಇರ್ಲಿ ಅಂತ ಅಲ್ವಾ? ಬೆಳಿಗ್ಗೆ ಬಾಯಿ ತಪ್ಪಿ ಹೇಳಿದ್ರಿ, ಈಗ ಹೊಟ್ಟೆ ಉರೀತಾ ಉಂಟು."

ಬೇರೆ ದಾರಿ ಕಾಣದೆ ದ್ವಾರಕನಾಥ ಅವತ್ತಿನ ಮೊದಲ ನಿಜವನ್ನು ನುಡಿದ. "ದೇವರಾಣೆ ಸಿಸ್ಟರ್, ನಾವು ಮೊದಲನೇದನ್ನ ಬೇಡ ಅನ್ಲಿಲ್ಲ. ಅವರೇ ನಮ್ಮನ್ನ ಒದ್ದು ಓಡಿಸಿದ್ರು."

ಅತ್ತಲಿಂದ ದೊಡ್ಡ ನಗು ಕೇಳಿಸಿತು. "ಮಾನ್ಯಂಗೆ? ಆ ಮಾರ್ಕಿಗೆ? ನಾನು ಎಂತ ತೊಟ್ಟಿಲಲ್ಲಿ ಇದ್ದೇನಾ ಮಾರಾಯ್ರೇ? ಥ್ಯಾಂಕ್ಸ್. ಈಗ ನಂಗೆ ಗ್ಯಾರಂಟಿ ಆಯ್ತು, ಒಳ್ಳೇ ಕಾಲೇಜೇ," ಎಂದು ಫೋನಿಟ್ಟಳು.

ಮುಂದಿನ ಫೋನಿಗೆ ಗುರುದತ್ತನೂ ಮಣಿಯಲಿಲ್ಲ. "ಭಾವ, ನನ್ನ ಮಗನ ಏಳಿಗೆಗೆ ಇಷ್ಟು ಅಡ್ಡ ಬರಬಾರ್ದು ನೀವು," ಎಂದು ಗದ್ಗದನಾದ. ದ್ವಾರಕನಾಥ ಪಟ್ಟು ಬಿಡದೆ ಗೆಣಸಿಗೆ ಹುಳು ಸೇರಿಸಿದ, ಹಿಮಕ್ಕೆ ಕರಡಿ ಸೇರಿಸಿದ, ಹೋದ ವರ್ಷ ಹಾಸ್ಟೆಲಿನ ಗೋಡೆ ಬಿದ್ದು ಇಬ್ಬರಿಗೆ ಕಾಲು ಮುರಿದದ್ದನ್ನು ಕಣ್ಣಾರೆ ಕಂಡವನ ಹಾಗೆ ವರ್ಣಿಸಿದ. ಆ ಕಡೆ ಸ್ಪೀಕರಿನಲ್ಲಿ ಹೆಂಗಸೊಬ್ಬಳು "ಅಯ್ಯಯ್ಯೋ" ಎಂದದ್ದು ಕೇಳಿಸಿತು. ಗುರುದತ್ತ ಮಾತ್ರ, "ಖಲಾಸ್ ಭಾವ. ಧನುಷ್ ವಿಲ್ಡನ್‌ಬ್ರೂಕಿಗೇ ಸಬ್ಮಿಟ್ ಮಾಡ್ತಿದಾನೆ," ಎಂದ.

ಜೆಸ್ಸಿಯ ಪಟ್ಟಿಯಲ್ಲಿ ಉಳಿದ ಆರು ಅಪ್ಪಂದಿರಲ್ಲಿ ನಾಲ್ವರು ಫೋನೆತ್ತಲಿಲ್ಲ. ಐದನೆಯವನು ಅವನನ್ನು ಬೈದ. ಆರನೆಯವನು ಆಶೀರ್ವಾದ ಕೇಳಿದ.

ಐದೂಕಾಲಿಗೆ ಬೆವರಿಳಿಸಿಕೊಂಡು ಮನೆ ಬಾಗಿಲು ತೆರೆದರೆ ಏಲಕ್ಕಿಯ ಘಮ. ಕಾಂತಮ್ಮ ಕೇಸರಿಬಾತ್ ಕೆದಕುತ್ತಿದ್ದಳು. ಮಾನ್ಯ ಸೋಫಾದ ಮೇಲೆ ಕುಣಿಯುತ್ತಿದ್ದಳು.

"ಫೋನ್ ಕೊಡೇ, ಸಹಿ ಹಾಕ್ತೀನಿ. ಏಳಾಗಲಿ ಎಪ್ಪತ್ತಾಗಲಿ, ಹಾಕೇ ಬಿಡೋಣ," ಎಂದ ದ್ವಾರಕನಾಥ.

"ಆಯ್ತು ಬಿಡೀಂದ್ರೆ," ಎಂದಳು ಕಾಂತಮ್ಮ. "ಐದು ಹತ್ತಕ್ಕೆ ಸರಿಯಾಗಿ ನಾನೇ ಹಾಕ್ದೆ. ಅಮ್ಮಂದಿದ್ರೂ ನಡಿಯತ್ತಂತೆ."

"ವಿಲ್ಡನ್‌ಬ್ರೂಕಿಗಾ?"

"ಆ ಮುರುಕಲು ಗೋಡೆ ಕೆಳಗೆ ನನ್ನ ಮಗೂನ ಮಲಗಿಸ್ತೀನಾ? ತಂಗಿ ಅಳ್ತಾ ಫೋನ್ ಮಾಡಿದ್ಲು. 'ಅಕ್ಕಾ, ಭಾವನೇ ಬಾಯಿಬಿಟ್ಟು ಹೇಳಿದ್ರು, ಕರಡಿ ಬರತ್ತಂತೆ, ಗೆಣಸಲ್ಲಿ ಹುಳ ಅಂತೆ, ನಮ್ಮೋರು ಕೇಳ್ತಿಲ್ಲ, ನೀನಾದ್ರೂ ಮಗೂನ ಉಳಿಸ್ಕೋ' ಅಂತ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನೀವು ಒಂದು ಸುಳ್ಳು ಹೇಳಿದ್ದು ನೋಡಿಲ್ಲ. ನಂಗೆ ಬೇಡ್ವೇ ನಂಬಿಕೆ?"

ಇಡೀ ದುಬೈಯಲ್ಲಿ ಅವನ ಮಧ್ಯಾಹ್ನದ ಮಾತನ್ನು ನಂಬಿದ ಏಕೈಕ ವ್ಯಕ್ತಿ ಅವನ ಹೆಂಡತಿಯಾಗಿದ್ದಳು.

"ಮತ್ತೆ... ಯಾವುದಕ್ಕೆ ಹಾಕಿದ್ರಿ?"

"ಅಬುಧಾಬಿ, ಅಪ್ಪಾ!" ಮಾನ್ಯ ಬಂದು ಕುತ್ತಿಗೆಗೆ ಜೋತುಬಿದ್ದಳು. "ಐ ವಾಂಟೆಡ್ ಇಟ್ ಆಲ್ ಅಲಾಂಗ್! ನೀವು ನಗ್ತೀರಾ ಅಂತ ಸುಮ್ನಿದ್ದೆ. ಅದರ ಪ್ರಬಂಧ ಎಂದೋ ಬರೆದಿಟ್ಟಿದ್ದೆ. ಜೆಸ್ಸಿ ಮ್ಯಾಮ್ ಎರಡೇ ನಿಮಿಷಕ್ಕೆ ಸೈನ್ ಮಾಡಿದ್ರು. 'ಆ ಗಲಾಟೆಯಿಂದ ತಪ್ಪಿಸ್ಕೊಂಡ್ಯಲ್ಲಾ, ಪುಣ್ಯವಂತೆ' ಅಂದ್ರು!"

ದ್ವಾರಕನಾಥ ಅವಳ ಮುಖ ನೋಡಿದ. ಮಗಳ ನಗು ನೋಡಿ ತಿಂಗಳಾಗಿತ್ತು. ವಾರಕ್ಕೊಮ್ಮೆ ಒಂದೂವರೆ ಗಂಟೆ ಕಾರು ಓಡಿಸಿದರೆ ಕಾಣಬಹುದಾದ ನಗು. ಕೇಸರಿಬಾತಿನ ತಟ್ಟೆ ಹಿಡಿದು, ಹಾಳಾಗಿ ಹೋಗಲಿ ಅಮೇರಿಕಾ ಎಂದು ಮೊದಲ ಚಮಚ ಬಾಯಿಗಿಟ್ಟ.

ಆಗ ಮೂರು ಸಲ ಫೋನು ಮಿಣುಕಿತು. ಒಂದು, ಗುರುದತ್ತ: 'ಧನುಷ್ ಕೋಣೆ ಖಾಲಿಯಾಗತ್ತೆ. ಮಾನ್ಯ ನಮ್ಮಲ್ಲೇ ಇರ್ಲಿ. ಏಳು ಗಂಟೆಗೆ ಮನೆಯಲ್ಲಿರಬೇಕು, ಅಷ್ಟೇ. ದಿನಾ ವರದಿ ಕಳಿಸ್ತೀನಿ.' ಎರಡು, ಜೆಸ್ಸಿ: 'ಆ ಡಂಗುರ ಹೊಡೆದ ಅಪ್ಪ ಯಾರು ಅಂತ ಗೊತ್ತಾಯ್ತು ಸಾರ್.'

ಮೂರನೆಯದು ಕ್ಯಾರೊಲಿನ್ ಗುಂಪಿಗೆ ಹಾಕಿದ ಭಿತ್ತಿಪತ್ರ. ಮೇಲ್ಗಡೆ ಅವನದೇ ಚಿತ್ರ, ವೀಸಾಕ್ಕೆ ತೆಗೆಸಿದ ಫೋಟೋದ ಹಾಗಿತ್ತು. ಕೆಳಗೆ ಬರಹ: 'ಭಾನುವಾರ ಸಂಜೆ ಆರಕ್ಕೆ ನಮ್ಮ ಕ್ಲಬ್ಬಿನಲ್ಲಿ ಶ್ರೀ ದ್ವಾರಕನಾಥ ಅವರಿಂದ ಉಪನ್ಯಾಸ. ವಿಷಯ: ಮಗಳನ್ನು ವಿಲ್ಡನ್‌ಬ್ರೂಕಿಗೆ ಕಳುಹಿಸುವ ತಂದೆಯ ಅನುಭವಗಳು. ಈಗಾಗಲೇ ನೂರಾ ನಲವತ್ತು ಪಾಲಕರು ಹೆಸರು ಕೊಟ್ಟಿದ್ದಾರೆ. ಪ್ರಶ್ನೆಗಳಿಗೆ ಅವಕಾಶವಿದೆ.'