ಜುಮಾಲಿಯ ರೌಟರೂ ಹಿರಿತನವೂ

ನರಿನ್ ಊರಿನ ಜುಮಾಲಿಯ ಮಾತನ್ನು ಅವನ ಮನೆಯಲ್ಲಿ ಇಬ್ಬರು ಕೇಳುತ್ತಿರಲಿಲ್ಲ. ಒಬ್ಬಳು ಹೆಂಡತಿ ಕಲೀಪಾ, ಇನ್ನೊಂದು ವೈಫೈ ರೌಟರ್. ಮೊದಲನೆಯದು ಮದುವೆಯಾದಂದಿನಿಂದ ಇದ್ದದ್ದೇ, ಅಭ್ಯಾಸವಾಗಿಹೋಗಿತ್ತು. ರೌಟರಿನ ಸೊಕ್ಕು ಮಾತ್ರ ಅವನಿಗೆ ಸಹಿಸಲಾಗುತ್ತಿರಲಿಲ್ಲ.

ಅದರ ರೋಗವೂ ವಿಚಿತ್ರ. ಹಗಲೆಲ್ಲ ಗುಂಡುಕಲ್ಲಿನ ಹಾಗಿರುತ್ತಿತ್ತು. ಕಲೀಪಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ಟರ್ಕಿಯ ಧಾರಾವಾಹಿ ನೋಡುತ್ತಿದ್ದಳು. ನಾಯಕಿಯ ಒಂದು ಹನಿ ಕಣ್ಣೀರೂ ಕೆನ್ನೆಯ ನಡುವೆ ತಡೆದು ನಿಂತದ್ದಿಲ್ಲ. ಸಂಜೆ ಜುಮಾಲಿ ಬಂದು, ಕೋಟು ಬಿಚ್ಚಿ, ಉಣ್ಣೆಯ ಕಲ್ಪಾಕ್ ಟೋಪಿ ತೆಗೆದಿಟ್ಟು, ಕುಸ್ತಿ ನೋಡೋಣವೆಂದು ಫೋನು ಹಿಡಿದು ಕೂತರೆ ಆಯಿತು. ಎರಡು ಬಟ್ಟಲು ಚಹಾ ಮುಗಿಯುವಷ್ಟರಲ್ಲಿ ಪೈಲ್ವಾನರಿಬ್ಬರೂ ತಬ್ಬಿಕೊಂಡವರು ಹಾಗೇ ನಿಂತುಬಿಡುತ್ತಿದ್ದರು.

"ನೀವಿಲ್ದಾಗ ಚೆನ್ನಾಗೇ ಇರತ್ತೆ. ನಿಮ್ ಮುಖ ಕಂಡ್ರೆ ಜೀವ ಬಿಡತ್ತೆ," ಎಂದಳು ಕಲೀಪಾ.

"ಅಂದ್ರೆ, ತಪ್ಪು ನಂದೇ?"

"ನಾನೆಲ್ಲಿ ಹಂಗಂದೆ? ಅದರ ಪಾಡು ನಂಗರ್ಥವಾಗತ್ತೆ ಅಂದೆ, ಅಷ್ಟೇ."

ರೌಟರ್ ಜೋಡಿಸಲು ಬಂದಿದ್ದ ಹುಡುಗಿ ಹೋಗುವಾಗ ಹೇಳಿದ್ದು ಎರಡು ಮಾತು: ಎತ್ತರದಲ್ಲಿಡಿ, ಗಾಳಿಯಾಡಲಿ. ಜುಮಾಲಿಗೆ ಎತ್ತರ ನೆನಪಿತ್ತು, ಗಾಳಿ ಮರೆತಿತ್ತು. ಎರಡು ಕೋಣೆಯ ಆ ಮನೆಯಲ್ಲಿ ಎತ್ತರವೆಂದರೆ ಬೀರುವಿನ ತಲೆ ಒಂದೇ. ಅಲ್ಲೇ ಕೂರಿಸಿದ್ದ. ಕಂಪನಿಗೆ ಫೋನು ಮಾಡಿದರೆ "ಆರಿಸಿ ಮತ್ತೆ ಹಾಕಿ" ಎಂಬ ಒಂದೇ ಮಂತ್ರ. ಅವನು ಐದು ಹೊತ್ತಿನ ನಮಾಜಿಗಿಂತ ಶ್ರದ್ಧೆಯಿಂದ ಆರಿಸಿ ಹಾಕಿದ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಕಂಪನಿ ಕೊಟ್ಟ ನೆಟ್ಟನ್ನು ರೌಟರ್ ತಡೆದಿಟ್ಟುಕೊಳ್ಳುತ್ತಿತ್ತು.

ಕೊನೆಗೆ ಕಲೀಪಾ ಕಣ್ಣು ತಾಗಿದೆಯೆಂದು ತೀರ್ಮಾನಿಸಿ, ದೃಷ್ಟಿ ತೆಗೆಯುವ ಅರ್ಚಾ ಮರದ ಒಣಸೊಪ್ಪಿಗೆ ಬೆಂಕಿ ಹಚ್ಚಿ, ಗಂಡನನ್ನು ಕೋಟು ಟೋಪಿ ಸಮೇತ ಅಂಗಳಕ್ಕಟ್ಟಿ, ರೌಟರಿಗೆ ಮೂರು ಸುತ್ತು ಹೊಗೆ ಹಾಕಿದಳು. ಅವನು ಹೊರಗೆ ನಡುಗುತ್ತಿದ್ದಷ್ಟು ಹೊತ್ತೂ ನೆಟ್ ಸೊಗಸಾಗಿ ನಡೆಯಿತು. (ಕಲೀಪಾಳ ನೋಟವೇ ಸಾಕಿತ್ತು.)

ಇಷ್ಟಾದರೂ ನಡೆದುಹೋಗುತ್ತಿತ್ತು. ಆದರೆ ದೂರದ ತಲಾಸ್ ಊರಿನಲ್ಲಿ ತಮ್ಮ ಸಾದಿರನ ಮಗನ ಮದುವೆ ಬಂತು, ಹಿಂದೆಯೇ ಹಿಮ ಬಿದ್ದು ಕಣಿವೆಯ ರಸ್ತೆ ಮುಚ್ಚಿತು. ವಂಶಕ್ಕೆ ಹಿರಿಯ ಜುಮಾಲಿ. ಊಟಕ್ಕೆ ಮುಂಚೆ ಬಾತಾ, ಅಂದರೆ ಹಿರಿಯರ ಹಾರೈಕೆ, ಅವನೇ ಕೊಡಬೇಕು. ಹಿರಿಯ ಅಂಗೈ ತೆರೆದರೆ ಎಲ್ಲರೂ ತೆರೆಯಬೇಕು; ಅವನು "ಓಮೀನ್" (ಹಾಗೇ ಆಗಲಿ) ಎಂದು ಮುಖ ಸವರಿಕೊಳ್ಳುವ ತನಕ ಒಂದು ಕೈಯೂ ಮಾಂಸದ ಕಡೆ ಚಾಚುವಂತಿಲ್ಲ.

"ಅಣ್ಣಾ, ವೀಡಿಯೊದಲ್ಲೇ ಕೊಟ್ಬಿಡು," ಎಂದ ಸಾದಿರ ಫೋನಿನಲ್ಲಿ. "ನೆಟ್ ಸರಿಯಿಲ್ಲ ಅಂದ್ರೆ ಈಗ್ಲೇ ಹೇಳು. ಬೀಗರ ಕಡೆ ಎಸೆನ್‌ಕುಲ್ ಅವರು ಕೊಡೋಕೆ ತಯಾರಾಗಿದಾರೆ."

"ನಾನು ಗಟ್ಟಿಯಾಗಿರೋವಾಗ ಆ ಎಸೆನ್‌ಕುಲನಾ? ನಮ್ಮನೆ ನೆಟ್ ಬಂಡೆ ಕಣೋ, ಬಂಡೆ!"

ಫೋನಿಟ್ಟವನೇ ಅಡುಗೆಮನೆಗೆ ಓಡಿದ. "ಬೈಬಿಚೆ," ಎಂದ (ಮನೆಯೊಡತಿ ಎಂಬ ಈ ಗೌರವ ಕೆಲಸವಿದ್ದಾಗ ಮಾತ್ರ), "ನಾಳೆ ಒಂದಿನ ನಿನ್ನ ಧಾರಾವಾಹಿ ಬೇಡ. ರೌಟರಿಗೆ ದಣಿವಾಗಬಾರದು."

"ನಾನು ನೋಡಿದ್ರೆ ದಣಿಯಲ್ಲ ಅದು. ಇರ್ಲಿ, ನಿಮ್ ಮರ್ಯಾದೆ ಪ್ರಶ್ನೆ."

ಮರುದಿನ ಜುಮಾಲಿ ಹೊಸ ಬಿಳಿ ಕಲ್ಪಾಕ್ ತಲೆಗೇರಿಸಿದ. ದಿನನಿತ್ಯದ ಹಳೆಯದನ್ನು ನೋಡದೆಯೇ ಕೈಚಾಚಿ ಅದರ ಎಂದಿನ ಜಾಗದಲ್ಲಿಟ್ಟ. ಕಲ್ಪಾಕನ್ನು ನೆಲಕ್ಕೋ ಕುರ್ಚಿಗೋ ಇಳಿಸುವ ಮನೆತನವಲ್ಲ ಅವನದು. ಹೆಗಲು ನೆಟ್ಟಗೆ ಮಾಡಿ ಫೋನಿನ ಮುಂದೆ ಕೂತ. ಆ ಕಡೆಯ ಕುಶಲ, ಹಿಮದ ಸಮಾಚಾರ, ನೆಂಟರ ಸಲಾಮು ಎಲ್ಲ ಮುಗಿದು ಅವನು ಅಂಗೈ ತೆರೆದ. ತಲಾಸ್‌ನಲ್ಲಿ ಇಡೀ ಮದುವೆಮನೆ ಅಂಗೈ ತೆರೆಯಿತು.

"ಮಕ್ಕಳೇ, ಚೆನ್ನಾಗಿ ಬಾಳಿ. ಜೊತೆಯಾಗಿ ಬಾಳಿ," ಎಂದು ಕಣ್ಣು ಮುಚ್ಚಿದ.

ತೆರೆದು ನೋಡಿದರೆ ಒಬ್ಬರೂ ಮಿಸುಕುತ್ತಿಲ್ಲ. ಕೆಮ್ಮಿಲ್ಲ, ಪಿಸುಮಾತಿಲ್ಲ, ಮಕ್ಕಳೂ ಗಪ್‌ಚಿಪ್. ಮುಂದಿನ ಸಾಲಿನಲ್ಲಿ ಎಸೆನ್‌ಕುಲ್ ಅರೆಬಾಯಿ ತೆರೆದು ಕೂತಿದ್ದ. 'ಬೆರಗಾಗಿದ್ದಾನೆ ಪಾಪ,' ಎಂದುಕೊಂಡ ಜುಮಾಲಿಗೆ ಹುರುಪೇರಿತು. ಮನೆ ತುಂಬ ಮಕ್ಕಳಾಗಲಿ, ಹಟ್ಟಿ ತುಂಬ ಕುರಿಯಾಗಲಿ ಎಂದ. ಏಳು ತಲೆಮಾರಿನ ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು ಅವರ ಕುದುರೆಗಳ ಬಣ್ಣ ವರ್ಣಿಸಿದ. ಆಗಲೂ ಯಾರೂ ಅಲುಗದಿದ್ದಾಗ, ತಾನು ಪ್ರಾಯದಲ್ಲಿ ಗೆದ್ದ ಕುಸ್ತಿಯನ್ನೂ ಹಾರೈಕೆಯೊಳಗೆ ಸೇರಿಸಿದ. ಜೀವಮಾನದಲ್ಲಿ ಇಷ್ಟು ಸುಖವಾಗಿ ಅವನು ಮಾತಾಡಿರಲಿಲ್ಲ.

"ಓಮೀನ್!" ಎಂದು ಮುಖ ಸವರಿಕೊಂಡ.

ತಲಾಸ್‌ನಲ್ಲಿ ಯಾರೂ ಸವರಿಕೊಳ್ಳಲಿಲ್ಲ.

"ಓಮೀನ್!" ಎಂದು ಅರಚಿದ. ಗೋಡೆಯಾಚೆಯ ಪಕ್ಕದ ಮನೆಯವರು "ಓಮೀನ್!" ಎಂದರು.

ಕಲೀಪಾ ಹಿಟ್ಟಿನ ಕೈಯಲ್ಲೇ ಬಂದಳು. "ಮುಗೀತಾ, ಮುದುಕರೇ? ನೆಟ್ ಸತ್ತು ಯಾವ ಕಾಲವಾಯ್ತು! ಮೊದಲ ಎರಡು ಮಾತಿಗೇ ಹೋಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕೇ ಬಂದೆ. ನೀವು ಕುಸ್ತಿ ಆಡ್ತಿದ್ರಿ. ಅಷ್ಟು ಖುಷಿಯಾಗಿದ್ರಿ, ಕೆಡಿಸೋಕೆ ಮನಸ್ಸು ಬರ್ಲಿಲ್ಲ," ಎನ್ನುತ್ತ ಸ್ಟೂಲ್ ಹತ್ತಿ ಬೀರುವಿನ ತಲೆ ನೋಡಿದಳು. "ಅಯ್ಯೋ ನಿಮ್ಮ! ಇದಕ್ಕೂ ಟೋಪಿ ಹಾಕಿ ಕೂರ್ಸಿದೀರಲ್ರೀ! ಮುಟ್ಟಿ ನೋಡಿ, ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿ ಹಂಗಿದೆ!"

"ಎತ್ತರದಲ್ಲಿಡಿ ಅಂದಿದ್ದು ಆ ಹುಡುಗಿ."

"ರೌಟರ್ ಇಡಿ ಅಂದ್ಲು. ಅದರ ತಲೆ ಮೇಲೆ ಉಣ್ಣೆ ಹೊದಿಸಿ ಅಂದ್ಲಾ?"

ಇಷ್ಟು ಸಂಜೆಗಳ ರೋಗದ ಮೂಲ ತಾನೇ ಎಂದು ಜುಮಾಲಿಗೆ ಆಗ ಹೊಳೆಯಿತು. ಕಲೀಪಾ ಸೊಂಟಕ್ಕೆ ಕಟ್ಟಿದ್ದ ಅಡುಗೆಬಟ್ಟೆಯಿಂದ ರೌಟರಿಗೆ ಗಾಳಿ ಬೀಸಿದಳು. ಸ್ವಲ್ಪ ಹೊತ್ತಿಗೆ ಹಸಿರು ದೀಪ ಮಿನುಗಿತು, ತಲಾಸ್‌ಗೆ ಜೀವ ಬಂತು. ನೋಡಿದರೆ ಮದುವೆಮನೆ ಪೂರ್ತಿ ಎಲುಬು ಕಡಿಯುತ್ತಿದೆ!

"ಓಮೀನ್ ಆಗದೆ ಕೈ ಹಾಕಿದ್ರೇನೋ?" ಎಂದು ಗುಡುಗಿದ.

"ಆಯ್ತಲ್ಲಣ್ಣಾ!" ಎಂದ ಸಾದಿರ. "ನೀನು ಎರಡು ಮಾತು ಹೇಳಿ ಕಣ್ಮುಚ್ಚಿ ಹಂಗೇ ಕೂತ್ಬಿಟ್ಟೆ. ನಾವೂ ಕೈಯೆತ್ಕೊಂಡು ಕಾದ್ವಿ, ಕಾದ್ವಿ. ಕೊನೆಗೆ ಅತ್ತಿಗೆ ಮೊಬೈಲಿಗೆ ಫೋನ್ ಮಾಡ್ದೆ. ರೌಟರ್ ಕೈಕೊಟ್ಟಿದೆ ಅಂತ ಹೇಳಿ ಅವರೇ ಓಮೀನ್ ಅಂದ್ರು."

ಜುಮಾಲಿ ತಿರುಗಿ ನೋಡಿದ. ಕಲೀಪಾ ಕೈಗಂಟಿದ ಹಿಟ್ಟನ್ನು ಬಹಳ ಆಸ್ಥೆಯಿಂದ ಉದುರಿಸುತ್ತಿದ್ದಳು.

ಅಷ್ಟರಲ್ಲಿ ಎಸೆನ್‌ಕುಲ್ ಗಡ್ಡದ ಜಿಡ್ಡು ಒರೆಸಿಕೊಂಡು ಫೋನು ತೆಗೆದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ಜುಮಾಲಿಯವರೇ, ಎರಡೇ ಎರಡು ಮಾತು, ಆಮೇಲೆ ಮೌನ! ಇಂಥ ಬಾತಾ ನಾನು ಹುಟ್ಟಿದಾಗಿಂದ ಕೇಳಿರ್ಲಿಲ್ಲ. ಮಾಂಸ ಬಿಸಿಯಿರೋವಾಗಲೇ ಊಟ ಮಾಡಿದ ಮೊದಲ ಮದುವೆ ಇದು. ವಸಂತದಲ್ಲಿ ನನ್ನ ಮೊಮ್ಮಗನ ಮದುವೆ. ಬಾತಾ ನೀವೇ ಕೊಡ್ಬೇಕು."

ಜುಮಾಲಿಯ ಎದೆ ಕೋಟಿನ ಗುಂಡಿ ಕೀಳುವಷ್ಟು ಉಬ್ಬಿತು. ಎಸೆನ್‌ಕುಲನ ಬಾಯಿಂದಲೇ! "ಕೊಡ್ದೇ ಇರ್ತೀನಾ? ಅಷ್ಟೊತ್ತಿಗೆ ರಸ್ತೆ ತೆರೆದಿರತ್ತೆ. ಖುದ್ದಾಗಿ ಬಂದು ಕೊಡ್ತೀನಿ."

ಆ ಕಡೆ ಸದ್ದಿಲ್ಲ. ನೆಟ್ ಹೋಯಿತೇ ಎಂದು ಜುಮಾಲಿ ಗಾಬರಿಯಿಂದ ಬಗ್ಗಿ ನೋಡಿದ. ಹೋಗಿರಲಿಲ್ಲ. ಎಸೆನ್‌ಕುಲ್ ಪಿಳಿಪಿಳಿ ಕಣ್ಣು ಬಿಡುತ್ತಿದ್ದ.

"ಛೇ ಛೇ, ದೂರದ ದಾರಿ, ನಿಮ್ಮ ಮಂಡಿನೋವು ಬೇರೆ," ಎಂದ ಕೊನೆಗೆ. "ಇದೇ ಜಾಗದಲ್ಲಿ ಕೂತು, ಇದೇ ರೌಟರಲ್ಲೇ ಕೊಡಿ. ಅದನ್ನ ಮಾತ್ರ ದಯವಿಟ್ಟು ರಿಪೇರಿ ಮಾಡಿಸ್ಬೇಡಿ."

ಅವನ ಬೆನ್ನ ಹಿಂದೆ ಬಾಯಿ ತುಂಬ ಮಾಂಸವಿಟ್ಟುಕೊಂಡಿದ್ದ ನೆಂಟರೆಲ್ಲ ಒಕ್ಕೊರಲಿನಿಂದ "ಓಮೀನ್!" ಎಂದು ಮುಖ ಸವರಿಕೊಂಡರು.