ಬಾಡಿಗೆದಾರನ ಚೌಕಶಿ

ಬಾಡಿಗೆಗೆ ಕೊಡಲೆಂದು ಮೊದಲ ಸಲ ಮನೆ ಕೊಳ್ಳುವವರಿಗೆ ನನ್ನ ಉಪದೇಶ ಇಷ್ಟೇ: ಕೇಳಿಕೊಂಡು ಬರುವವನನ್ನು ನಂಬಬೇಡಿ. ನಗುತ್ತ ಬರುವವನನ್ನಂತೂ ನಂಬಲೇಬೇಡಿ. ಬಾಡಿಗೆ ಜಾಸ್ತಿಯಾಯಿತು ಎನ್ನದೆ ಒಪ್ಪಿಕೊಂಡವನಿಗೆ ಅದನ್ನು ಕೊಡುವ ವಿಚಾರವೇ ಇಲ್ಲ ಎಂದು ತಿಳಿಯಿರಿ.

ಮಗಳು ಸೌಂದರ್ಯಾಳ ಮದುವೆಗೆಂದು ಕೂಡಿಸಿಟ್ಟ ಹಣದಲ್ಲಿ ನಾನು ಚಿಕ್ಕೋಡಿಯ ಹೊಸ ಬಡಾವಣೆಯಲ್ಲಿ ಇನ್ನೊಂದು ಮನೆ ಕೊಂಡುಬಿಟ್ಟಿದ್ದೆ. ಮದುವೆಯ ಹೊತ್ತಿಗೆ ಬಾಡಿಗೆ ಸೇರಿ ಸೇರಿ ಹಣ ಮರಿ ಹಾಕಿರುತ್ತದೆ ಎಂಬುದು ನನ್ನ ಘನವಾದ ಅರ್ಥಶಾಸ್ತ್ರ. ಅಂದಿನಿಂದ ಹೆಂಡತಿ ಸುಂದರಾ ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡುತ್ತಿದ್ದಳು. ಆ ಮನೆಗೆ ಒಬ್ಬ ಒಳ್ಳೆಯ ಬಾಡಿಗೆದಾರ ಸಿಗದಿದ್ದರೆ ನನ್ನ ಮಾನ ಉಳಿಯುವ ಹಾಗಿರಲಿಲ್ಲ.

ಸಿಕ್ಕವನು ಬೋರಗಾಂವದ ಅಭಿನಂದನ. ಚಿಕ್ಕೋಡಿಗೆ ಹೊಸದಾಗಿ ಬಂದ ದನದ ಡಾಕ್ಟರ್. ನಮ್ಮ ಮನೆಗೆ ಬಂದ, ಸೌಂದರ್ಯಾಳ ಕೈಯಿಂದ ಕೀಲಿಕೈ ಈಸಿಕೊಂಡ, ಆ ಮನೆ ನೋಡಿ ಬಂದ, ಹೇಳಿದ ಬಾಡಿಗೆಗೆ ಹೂಂ ಅಂದ. ಮೇಲಾಗಿ ನಕ್ಕ. ದನದ ಡಾಕ್ಟರ್ ಹಾಲ್‌ನಲ್ಲಿ ಎಮ್ಮೆ ಕಟ್ಟುವುದಿಲ್ಲ ಎಂಬುದಕ್ಕೆ ಏನು ಖಾತ್ರಿ? (ಕರುವಾದರೆ ಬಚ್ಚಲಲ್ಲೂ ಹಿಡಿಸುತ್ತದೆ.) ತಾನೊಬ್ಬನೇ ಇರುವವನು ಎಂದದ್ದೂ ಅನುಮಾನದ ಮಾತೇ.

ಚೌಕಶಿ ಮಾಡಲು ಬೋರಗಾಂವದ ಬಸ್ಸು ಹತ್ತಿದೆ. (ಬೆಂಗಳೂರಿನ ಕಡೆಯವರು ಚೌಕಾಸಿ ಎಂದರೆ ದರ ಇಳಿಸುವುದು ಎಂದುಕೊಂಡಾರು. ನಮ್ಮ ಗಡಿಭಾಗದಲ್ಲಿ ಚೌಕಶಿ ಎಂದರೆ ವಿಚಾರಣೆ. ಇಲ್ಲಿ ದರ ಇಳಿಯುವುದು ಮನುಷ್ಯನದು.)

ಅಲ್ಲಿ ಮಗ್ಗದ ಶೆಡ್ಡಿನ ಮುಂದೆ ಕೂತಿದ್ದ ಕಾಕಾಸಾಹೇಬ ಎಂಬ ಹಿರಿಯರನ್ನು ಹಿಡಿದೆ. ಹುಡುಗನಿಗೆ ಕುಡಿತವುಂಟೇ, ಸಂಬಳ ಪಕ್ಕಾ ಇದೆಯೇ, ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಾನೆಯೇ, ತಾಯಿ ಜಗಳಗಂಟಿಯೇ ಎಂದು ಒಂದೊಂದಾಗಿ ಕೇಳಿದೆ. ಅವರು ನನ್ನ ಮನೆತನ, ಬಸದಿ, ಬೀಗರು ಎಲ್ಲ ವಿಚಾರಿಸಿಕೊಂಡು, ಚಹಾ ತರಿಸಿ, ಹುಡುಗ ಬಂಗಾರ ಎಂದರು. ಮಗ್ಗದವರೂ ಬಂಗಾರ ಎಂದರು. ಕಿರಾಣಿ ಅಂಗಡಿಯ ಬಾಬುಸಾಬ ಕೂಡ ಬಂಗಾರ ಎಂದ. ಊರಿಗೆ ಊರೇ ಒಬ್ಬನನ್ನು ಹೊಗಳಿದರೆ, ಅವನನ್ನು ಸಾಗಹಾಕುವ ಅವಸರ ಊರಿಗಿದೆ ಎಂದೇ ಅರ್ಥ. ಹೋದಾಗಿನದಕ್ಕಿಂತ ಹೆಚ್ಚು ಅನುಮಾನ ಹೊತ್ತು ಮರಳಿದೆ.

ರವಿವಾರ ನಮ್ಮ ಮನೆ ಮುಂದೆ ಗಾಡಿಯೊಂದು ನಿಂತಿತು. ಅಭಿನಂದನ, ಅವನ ತಾಯಿ ರುಕ್ಮವ್ವ, ಕಾಕಾಸಾಹೇಬರು, ಹಿಂದೆ ಜರಿ ಸೀರೆಯ ಹೆಂಗಸರ ದಂಡು. ಒಬ್ಬನೇ ಇರುತ್ತೇನೆ ಎಂದವನ ಪರಿವಾರ ಇದು. ಸುಂದರಾ ಚಹಾಕ್ಕಿಡಲು ಒಳಗೆ ಹೋದಳು. ನಾನು ಮುಖ ಬಿಗಿದುಕೊಂಡು ಶುರು ಮಾಡಿದೆ.

"ಮೊದಲ ಹೇಳಿಬಿಡ್ತೇನ್ರಿ, ಹನ್ನೊಂದು ತಿಂಗಳ ಕರಾರು."

ರುಕ್ಮವ್ವ ಮಗನ ಮುಖ ನೋಡಿದರು. "ಹನ್ನೊಂದು ತಿಂಗಳ ಆದಮ್ಯಾಲ?"

"ಎರಡೂ ಕಡೆ ಒಪ್ಪಿಗಿ ಇದ್ರ ಮುಂದುವರಸೋದ್ರಿ. ಇಲ್ಲಾಂದ್ರ ತೊಗೊಂಡಾಗ ಹೆಂಗಿತ್ತೋ ಹಂಗ ತಿರುಗಿ ಕೊಡಬೇಕು. ಏನರ ಮುಕ್ಕಾಗಿದ್ರ ಅಡ್ವಾನ್ಸನ್ಯಾಗ ಮುರಕೊಂತೇನಿ."

ಹೆಂಗಸರಲ್ಲಿ ಗುಜುಗುಜು ಎದ್ದಿತು. ಕಾಕಾಸಾಹೇಬರು ಗಂಟಲು ಸರಿಮಾಡಿಕೊಂಡು, ಚಿಕ್ಕೋಡಿ ಕಡೆ ಇದೇನು ಹೊಸ ಪದ್ಧತಿಯೋ ಎಂದು ಕೇಳಿದರು. ಎಲ್ಲ ಕಡೆಯೂ ಇದೇ ಪದ್ಧತಿ, ನಿಪ್ಪಾಣಿಯಲ್ಲಿ ಇನ್ನೂ ಬಿಗಿ ಎಂದೆ.

ರುಕ್ಮವ್ವ ಎದ್ದು ನಿಂತರು. "ನೀವು ಹುಡುಗಿ ತಂದಿ ಹೌದಲ್ರಿ?"

"ಯಾವ ಹುಡುಗಿ?" ಎಂದೆ.

ಆಗ ಸೌಂದರ್ಯಾ ಚಹಾದ ತಾಟು ಹಿಡಿದು ಬಂದಳು. ಅವಳು ಹೊಸ ಸೀರೆ ಉಟ್ಟದ್ದನ್ನು ನಾನು ಕಂಡದ್ದೇ ಆಗ.

ಬೇರೆ ಊರಿನಿಂದ ಬಂದು ಹುಡುಗನ ಕುಡಿತ, ಸಂಬಳ, ತಾಯಿಯ ಸ್ವಭಾವ ಕೇಳುವವನು ಹೆಣ್ಣಿನ ತಂದೆಯಲ್ಲದೆ ಇನ್ನಾರು? ಕೂಡುವ ಸಂಬಂಧಕ್ಕೆ ಕಲ್ಲು ಹಾಕಬಾರದೆಂದು ಊರೆಲ್ಲ ಬಂಗಾರ ಎಂದಿತ್ತು. ನಾನು ಹೋದದ್ದು ಬಾಡಿಗೆಯ ಚೌಕಶಿಗೆ ಎಂದು ಅಭಿನಂದನನಿಗೆ ಗೊತ್ತಿತ್ತು. ಆದರೆ ಕೀಲಿಕೈ ಈಸಿಕೊಂಡ ದಿನದಿಂದ ಸೌಂದರ್ಯಾಳ ಮಾತನ್ನು ತಾಯಿಯ ಮುಂದೆ ಹೇಗೆ ಎತ್ತಲಿ ಎಂದು ತಿಣುಕುತ್ತಿದ್ದವನು, ಜನರ ತಪ್ಪು ತಿದ್ದದೆ ಸುಮ್ಮನಿದ್ದುಬಿಟ್ಟ. ಇದು ಸೌಂದರ್ಯಾಳಿಗೆ ಗೊತ್ತಿತ್ತು, ಅವಳಿಂದ ಸುಂದರಾಳಿಗೂ ಗೊತ್ತಾಗಿತ್ತು. ಗೊತ್ತಿಲ್ಲದವನು ಎಲ್ಲರ ಮೇಲೂ ಕಣ್ಣಿಟ್ಟಿದ್ದ ನಾನೊಬ್ಬನೇ.

ವಿಚಾರ ಮಾಡಿ ಹೇಳುತ್ತೇನೆ ಎಂದೆ.

"ಇನ್ನೇನ ವಿಚಾರ ಮಾಡ್ತೀರಿ?" ಸುಂದರಾ ತಿಂಗಳುಗಳ ಮೇಲೆ ಬಾಯಿಬಿಟ್ಟಳು. "ಇಡೀ ಬೋರಗಾಂವ ಕೇಳಿ ಬಂದೀರಿ. ಒಂದ ಐಬ ಇದ್ರ ಹೇಳ್ರಿ."

ಹಣವೆಲ್ಲ ಇಟ್ಟಿಗೆಯಲ್ಲಿ ಸಿಕ್ಕಿದ್ದರಿಂದ ಬಸದಿಯಲ್ಲೇ ಸರಳವಾಗಿ ಮದುವೆ ಮಾಡಿಕೊಟ್ಟೆ. ಮಗಳು ಅಳಿಯ ಅದೇ ಮನೆಯಲ್ಲಿ ಸಂಸಾರ ಹೂಡಿದರು. ಬಾಡಿಗೆಯ ಮಾತೆತ್ತಲು ಬಾಯಿ ತೆರೆದೆ. ಸುಂದರಾ ನೋಡಿದ ನೋಟಕ್ಕೆ ತೆರೆದ ಬಾಯಲ್ಲಿ ಆಕಳಿಸಿದೆ.

ಮೊನ್ನೆ ಮಳೆ ನಿಂತ ಮೇಲೆ ಅಳಿಯ ಬಂದ. "ಮಾವಾರ, ಅಡಗಿಮನಿ ಸೋರಾಕತ್ತೈತ್ರಿ. ಬಾಜೂಕಿನವ್ರನ್ನ ಕೇಳಿದೆ. ಕಟ್ಟಿದಾಗಿಂದ ಸೋರತೈತಿ, ಓಣಿಗೆಲ್ಲಾ ಗೊತ್ತೈತಿ ಅಂದ್ರು. ಮನಿ ತೊಗೊಳ್ಳೂ ಮುಂದ ನೀವು ಯಾರನ್ನೂ ಕೇಳಿರಲಿಲ್ಲೇನ್ರಿ?"

ಸುಂದರಾ ಅಡುಗೆ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದಳು, ನನ್ನ ಉತ್ತರ ಕೇಳಲು. ನಾನು ಬಕೀಟು ಹುಡುಕಲು ಬಚ್ಚಲಿಗೆ ಹೋದೆ.